ನೀಟ್ ಕಾಲೇಜಿನ ಹೆಸರು ಕೇಳುವುದಿಲ್ಲ

ಪ್ರಶ್ನೆ: ಮಾಷ್ಟ್ರೇ, ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ಪಾಸಾದಳು. ಡಾಕ್ಟರ್ ಆಗಬೇಕಂತೆ. ಊರಿನ ಸರಕಾರಿ ಶಾಲೆಯ ಪ್ಲಸ್ ಟು ಸಾಕೋ, ಗಡಿಯಾಚೆ ಕರ್ನಾಟಕದ ಹೆಸರುವಾಸಿ ಪಿಯು ಕಾಲೇಜಿಗೆ ಹಾಕಬೇಕೋ? ಕಾಲೇಜಿನ ಹೆಸರಿಗೂ ತೂಕವಿದೆ ಎಂದು ಅಮೆರಿಕದಲ್ಲಿರುವ ಭಾವ ಹೇಳುತ್ತಾರೆ. ಫೀಸಿಗೆ ಅಡಿಕೆ ತೋಟ ಅಡವಿಡಬೇಕಾದೀತು.
– ಓರ್ವ ತಂದೆ, ಬದಿಯಡ್ಕ (ಕಾಸರಗೋಡು, ಕೇರಳ)

ಉತ್ತರ: ಭಾವ ಹೇಳಿದ್ದು ಅಲ್ಲಿಯ ಲೆಕ್ಕ. ಅಲ್ಲಿ ಮೊದಲು ನಾಲ್ಕು ವರ್ಷ ಡಿಗ್ರಿ, ಜೊತೆಗೆ ಎಂಕ್ಯಾಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆ, ಶಿಫಾರಸು ಪತ್ರ, ಸಂದರ್ಶನ. ಮನುಷ್ಯರು ಕೂತು ಅರ್ಜಿ ಓದುವಾಗ ಕಾಲೇಜಿನ ಹೆಸರೂ ಕಣ್ಣಿಗೆ ಬೀಳುತ್ತದೆ. ಆದರೂ ಅಂಕಗಳನ್ನು ನೋಡಿದ ಮೇಲೆಯೇ. ನಮ್ಮಲ್ಲಿ ಡಾಕ್ಟರ್ ಓದಿಗೆ ನೀಟ್ ಎಂಬ ಪ್ರವೇಶ ಪರೀಕ್ಷೆ: 180 ಪ್ರಶ್ನೆ, 720 ಅಂಕ, ತಪ್ಪು ಉತ್ತರಕ್ಕೆ ಒಂದು ಕಡಿತ. ಸಾಮಾನ್ಯ ವರ್ಗದವರಿಗೆ ಪ್ಲಸ್ ಟುವಿನ ವಿಜ್ಞಾನ ವಿಷಯಗಳಲ್ಲಿ ಶೇ. 50 ಇದ್ದರೆ ಅರ್ಹತೆ ಬಂತು. ರ‍್ಯಾಂಕಿಗೆ ಶಾಲೆಯ ಹೆಸರು ಬೇಡ. ಪುಸ್ತಕವೂ ಗಡಿಯ ಎರಡೂ ಕಡೆ ಅದೇ ಎನ್‌ಸಿಇಆರ್‌ಟಿ. ಎರಡು ವರ್ಷ ಆಚೆ ಓದಿದ ಮಾತ್ರಕ್ಕೆ ಕರ್ನಾಟಕದ ಸರಕಾರಿ ಸೀಟಿಗೆ ಹಕ್ಕು ಬರುವುದೂ ಇಲ್ಲ. ಸಾಮಾನ್ಯ ನಿಯಮದಲ್ಲಿ ಏಳು ವರ್ಷ ಬೇಕು. ಗಡಿನಾಡ ಕನ್ನಡಿಗರಿಗೆ ಬೇರೆ ಕಲಮು ಉಂಟು, ವಿಚಾರಿಸಿ.

ನನಗೆ ಚಿಂತೆ ಭಾಷೆಯದ್ದು. ನೀಟ್ ಕನ್ನಡದಲ್ಲೂ ಬರೆಯಬಹುದು, ಆದರೆ ಕನ್ನಡ ಪ್ರಶ್ನೆಪತ್ರಿಕೆ ಕೊಡುವುದು ಕರ್ನಾಟಕದ ಕೇಂದ್ರಗಳಲ್ಲಿ. ಕಾಸರಗೋಡಿನಲ್ಲಿ ಕೂತರೆ ಮಲಯಾಳ ಸಿಗುತ್ತದೆ, ಕನ್ನಡವಿಲ್ಲ! ಹತ್ತರವರೆಗೆ ‘ದ್ಯುತಿಸಂಶ್ಲೇಷಣೆ’ ಬಾಯಿಪಾಠ ಮಾಡಿದ ಮಕ್ಕಳು ಪ್ಲಸ್ ಒನ್ನಿನಲ್ಲಿ ‘ಫೋಟೋಸಿಂಥೆಸಿಸ್’ ಎಂದಾಗ ಪಿಳಿಪಿಳಿ ನೋಡುವುದನ್ನು ಇಪ್ಪತ್ತಾರು ವರ್ಷ ಕಂಡಿದ್ದೇನೆ. ಬೀಡಿ ಕಟ್ಟುವ ತಾಯಿಯ ಮಗಳೊಬ್ಬಳು ನೋಟ್‌ಬುಕ್ಕಿಗೆ ನಡುವೆ ಗೆರೆ ಎಳೆದು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಯುತ್ತಿದ್ದಳು. ಓಣಂ ರಜೆಯಲ್ಲೂ ಮನೆಗೆ ಬಂದು ಸಂಶಯ ಕೇಳುವಳು. ಮೊದಲ ಸಲ ಸೀಟು ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು, ನಮ್ಮ ಸೋರುವ ಲ್ಯಾಬಿನಿಂದಲೇ.

ದೊಡ್ಡ ಕಾಲೇಜಿನಲ್ಲಿ ಏನೂ ಇಲ್ಲ ಎನ್ನುವುದಿಲ್ಲ. ವಾರವಾರದ ಟೆಸ್ಟ್, ಓದುವ ಜೊತೆಗಾರರು ಇರುತ್ತಾರೆ. ನಿಮ್ಮ ಶಾಲೆಯಲ್ಲಿ ಫಿಸಿಕ್ಸಿಗೆ ಮಾಷ್ಟ್ರೇ ಇಲ್ಲದಿದ್ದರೆ ನನ್ನ ಮಾತು ಬದಿಗಿಡಿ. ಇದ್ದರೆ, ಊರಲ್ಲೇ ಓದಿಸಿ, ಟೆಸ್ಟ್ ಸೀರೀಸಿಗೆ ಮಾತ್ರ ದುಡ್ಡು ಹಾಕಿ.

ನಾನೂ ಎರಡು ಬೆಳೆಯ ಅಡಿಕೆ ಮಾರಿ ಮಗನನ್ನು ಅಂಥ ಹಾಸ್ಟೆಲಿನಲ್ಲಿ ಬಿಟ್ಟವನೇ. ರಕ್ತ ಕಂಡರೆ ಅವನಿಗೆ ತಲೆ ತಿರುಗುತ್ತದೆ ಎಂದು ಗೊತ್ತಾದದ್ದು ಆಮೇಲೆ. ಈಗ ಬ್ಯಾಂಕಿನಲ್ಲಿದ್ದಾನೆ. ತೋಟದ ಪತ್ರ ಹೊರತೆಗೆಯುವ ಮೊದಲು ಮಗಳನ್ನು ಅದೊಂದು ಕೇಳಿಬಿಡಿ.