ಧಾರವಾಡಕ್ಕೆ ಹೋಗೋದಾ, ಬೇಡ್ವಾ?

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಯಸ್ಸು 43, ಸಾಫ್ಟ್‌ವೇರ್ ಕೆಲಸ, ತಿಂಗಳಿಗೆ ನಾಲ್ಕು ದಿನ ಆಫೀಸಿಗೆ ಹೋದರೆ ಸಾಕು. ಹೆಂಡತಿ ಖಾಸಗಿ ಶಾಲೆಯಲ್ಲಿ 14 ವರ್ಷದಿಂದ ಗಣಿತದ ಟೀಚರ್. ಮಗಳು ಆರನೇ ಕ್ಲಾಸು, ಸಂಗೀತ ಕಲಿಯುತ್ತಿದ್ದಾಳೆ. ತಾಯಿ ಮಂಡ್ಯ ಕಡೆಯವರು, ಜೊತೆಗೇ ಇದ್ದಾರೆ. ಮಂಡಿ ನೋವು, ಧೂಳಾದರೆ ಉಬ್ಬಸ. ಟ್ರಾಫಿಕ್ಕು ಮತ್ತು ಟ್ಯಾಂಕರ್ ನೀರು ಸಾಕಾಗಿ, ಫ್ಲ್ಯಾಟ್ ಮಾರಿ ಹುಬ್ಬಳ್ಳಿ-ಧಾರವಾಡದಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟುವ ಯೋಚನೆ ಅವರದು. "ಹೋಗೋದಾ, ಬೇಡ್ವಾ? ನೇರವಾಗಿ ಹೇಳಿ" ಎಂದು ಕೇಳಿದ್ದಾರೆ.

ನೇರವಾಗಿಯೇ ಹೇಳುತ್ತೇನೆ. ನಿಮ್ಮ ಪತ್ರ ನಾಲ್ಕು ಪುಟ ಇದೆ. ಅದರಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ಒಂದಕ್ಕೇ ಒಂದೂವರೆ ಪುಟ ಹೋಗಿದೆ. ತಪ್ಪೇನಿಲ್ಲ, ಅಲ್ಲಿ ದಿನಾ ಕೂತು ಬೆಂದವರು ಅಷ್ಟು ಬರೆಯಬಹುದು. ಸೈಟಿನ ರೇಟಿನ ಬಗ್ಗೆ ಒಂದು ಪುಟ. ಹೆಂಡತಿಯ ಬಗ್ಗೆ ಒಂದೇ ಸಾಲು: "ಅವಳು ಎಲ್ಲಿದ್ದರೂ ಅಡ್ಜಸ್ಟ್ ಮಾಡ್ಕೋತಾಳೆ." ಈ ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ಊರು.

ನಾನು ಧಾರವಾಡದಲ್ಲಿ ಆರು ವರ್ಷ ಇದ್ದವನು. ಹುಟ್ಟಿದ್ದು ತುಮಕೂರು ಕಡೆ. ಹಾಗಾಗಿ ನಿಮ್ಮ ಕಣ್ಣಿಗೆ ಯಾವುದು ಹೊಸದಾಗಿ ಕಾಣುತ್ತದೆ ಅಂತ ಅಂದಾಜಿದೆ.

ಹುಬ್ಬಳ್ಳಿ-ಧಾರವಾಡ ಎಂದು ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ಎಲ್ಲರೂ ಹಾಗೇ ಹೇಳುತ್ತಾರೆ. 1962ರಿಂದ ಎರಡಕ್ಕೂ ಒಂದೇ ಪಾಲಿಕೆ ಇತ್ತು, ಧಾರವಾಡಕ್ಕೆ ಬೇರೆ ಪಾಲಿಕೆ ಬೇಕು ಎನ್ನುವ ಹಳೇ ಕೂಗಿಗೆ ಸರ್ಕಾರ ಒಪ್ಪಿದ್ದು 2025ರಲ್ಲಿ. ಆದರೆ ಇವು ಅವಳಿ ಅಂತ ಕರೆಸಿಕೊಂಡರೂ ಮುಖ ಬೇರೆ, ಸ್ವಭಾವ ಬೇರೆ. ನಡುವೆ ಸುಮಾರು 20 ಕಿಲೋಮೀಟರ್. ಹುಬ್ಬಳ್ಳಿ ವ್ಯಾಪಾರದ ಊರು. ದುರ್ಗದಬೈಲಿನಲ್ಲಿ ಸಂಜೆ ಹೊತ್ತು ಗಿರ್ಮಿಟ್ ಮಿರ್ಚಿ ತಿನ್ನುತ್ತಾ ನಿಂತರೆ ಆ ಊರಿನ ಅವಸರ ಗೊತ್ತಾಗುತ್ತದೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಅಲ್ಲಿದೆ. ಜಗತ್ತಿನಲ್ಲೇ ಉದ್ದದ ರೈಲ್ವೆ ಪ್ಲಾಟ್‌ಫಾರ್ಮೂ ಅಲ್ಲೇ, 1,507 ಮೀಟರ್. ಹೆಮ್ಮೆಯ ವಿಷಯವೇ, ಆದರೆ ನಿಮ್ಮ ಬೋಗಿ ಆ ತುದಿಯಲ್ಲಿ ನಿಂತ ದಿನ ಅಮ್ಮನ ಮಂಡಿ ಏನು ಹೇಳುತ್ತದೋ ನೋಡಿ. ಧಾರವಾಡ ಮೇಷ್ಟ್ರುಗಳ ಊರು, ಈಚೆಗೆ ವಕೀಲರ ಊರೂ ಹೌದು. ಕರ್ನಾಟಕ ವಿಶ್ವವಿದ್ಯಾಲಯ ಇದೆ, 2008ರಿಂದ ಹೈಕೋರ್ಟ್ ಪೀಠ ಇದೆ, 2016ರಿಂದ ಐಐಟಿ ಇದೆ. ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ಮಲಗುವವರು ಇನ್ನೂ ಇದ್ದಾರೆ.

ನಿಮ್ಮ ತಾಯಿಗೆ ಧೂಳು ಆಗಲ್ಲ ಅಂದಿರಿ. ಹಾಗಾದರೆ ಹುಬ್ಬಳ್ಳಿ ಊರೊಳಗೆ ಮನೆ ಬೇಡ. ಹುಬ್ಬಳ್ಳಿಯವರೇ ತಮ್ಮೂರ ಧೂಳಿನ ಬಗ್ಗೆ ಜೋಕು ಮಾಡುತ್ತಾರೆ. ಧಾರವಾಡ ಮಲೆನಾಡಿನ ಹೊಸ್ತಿಲಲ್ಲಿದೆ, ಮಳೆ ಜಾಸ್ತಿ, ಗಿಡಮರ ಜಾಸ್ತಿ, ಸಂಜೆಗೆ ತಂಪು ಗಾಳಿ. ಜುಲೈನಲ್ಲಿ ಮಾತ್ರ ಬಟ್ಟೆ ಒಣಗುವುದಿಲ್ಲ, ಆ ತೇವಕ್ಕೂ ಕೆಲವರಿಗೆ ಉಬ್ಬಸ ಏಳುತ್ತದೆ. ಅಮ್ಮನನ್ನು ಮಳೆಗಾಲದಲ್ಲಿ ಹದಿನೈದು ದಿನ ಅಲ್ಲಿ ಇಟ್ಟು ನೋಡಿ. ಡಾಕ್ಟರ್ ಚಿಂತೆ ಬೇಡ. ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ, ಎರಡೂ ಊರಿನ ನಡುವೆ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ ಇದೆ.

ಎರಡೂ ಊರಿನ ನಡುವೆ ಓಡಾಟಕ್ಕೆ ಚಿಗರಿ ಬಸ್ಸು. 2018ರಲ್ಲಿ ಶುರುವಾಯಿತು, ರಸ್ತೆ ನಡುವೆ ಅದಕ್ಕೇ ಅಂತ ಬೇರೆ ದಾರಿ. ಅದರ ಬಗ್ಗೆ ಅಲ್ಲಿನವರಲ್ಲಿ ಎರಡು ಪಕ್ಷ ಇವೆ, ನೀವು ಹೋದ ವಾರದಲ್ಲೇ ಯಾವುದಾದರೂ ಒಂದಕ್ಕೆ ಸೇರುತ್ತೀರಿ.

ಆಫೀಸಿಗೆ ವಂದೇ ಭಾರತ್‌ನಲ್ಲಿ ಬಂದು ಹೋಗುತ್ತೇನೆ ಎಂದು ಬರೆದಿದ್ದೀರಿ. ಟೈಮ್ ಟೇಬಲ್ ಇನ್ನೊಮ್ಮೆ ನೋಡಿ. 2023ರಲ್ಲಿ ಶುರುವಾದ ಧಾರವಾಡದ ಗಾಡಿ ಬೆಂಗಳೂರಿನಿಂದ ಬೆಳಗ್ಗೆ ಹೊರಟು, ಧಾರವಾಡದಿಂದ ವಾಪಸ್ ಬರುವುದು ಮಧ್ಯಾಹ್ನದ ಮೇಲೆ. ಬೆಂಗಳೂರಿನವರು ಅಲ್ಲಿಗೆ ಹೋಗಿ ಬರೋಕೆ ಅದು ಚೆಂದ, ಅಲ್ಲಿಂದ ಹತ್ತು ಗಂಟೆ ಮೀಟಿಂಗಿಗೆ ಬರೋಕಲ್ಲ. ನಿಮಗೆ ಆಗಿಬರುವುದು ರಾತ್ರಿ ಗಾಡಿ, ರಾಣಿ ಚೆನ್ನಮ್ಮದಂಥದ್ದು. ಹಬ್ಬದ ಹಿಂದೆಮುಂದೆ ಟಿಕೆಟ್ ಸಿಗದೆ ಸ್ಲೀಪರ್ ಬಸ್ಸು ಹತ್ತುತ್ತೀರಿ. 400 ಕಿಲೋಮೀಟರ್ ಮೇಲಿದೆ. ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುವುದಾದರೆ ಪರವಾಗಿಲ್ಲ. ಮ್ಯಾನೇಜರ್ ಬದಲಾಗಿ "ವಾರಕ್ಕೆ ಎರಡು ದಿನ ಬನ್ನಿ" ಅಂದರೆ? ಇದನ್ನು ನೀವು ಬರೆದಿಲ್ಲ, ಆದರೆ ನಿಮಗೆ ಗೊತ್ತಿದೆ, ಅಲ್ವಾ? ಬೆಂಗಳೂರಿನಲ್ಲಿ ಒಂದು ಕೆಲಸ ಹೋದರೆ ಅದೇ ರಸ್ತೆಯಲ್ಲಿ ಇನ್ನೊಂದು ಬೋರ್ಡು ಕಾಣುತ್ತದೆ. ಅಲ್ಲಿ ಕಂಪನಿಗಳಿವೆ, ಸರ್ಕಾರವೂ ಬೆಂಗಳೂರಿನ ಹೊರಗೆ ಹೋಗಿ ಅಂತ ಪ್ರೋತ್ಸಾಹ ಕೊಡುತ್ತಿದೆ, ಆದರೆ ನಿಮ್ಮ ವಯಸ್ಸಿಗೆ, ನಿಮ್ಮ ಸಂಬಳಕ್ಕೆ ಕೆಲಸ ಹುಡುಕಲು ಹೋದರೆ ಬೆರಳು ಮಡಿಸಿ ಎಣಿಸಬೇಕು.

ಈಗ ನೀರು. ಟ್ಯಾಂಕರ್ ಕಾಟ ತಪ್ಪುತ್ತದೆ ಅಂತ ಖುಷಿಯಾಗಿ ಬರೆದಿದ್ದೀರಿ. ಸ್ವಲ್ಪ ತಡೀರಿ.

ನಾವು ಹೋದ ಮೊದಲ ವಾರ. ರಾತ್ರಿ ಮೂರು ಗಂಟೆಗೆ ಯಾರೋ ಬಾಗಿಲು ಬಡಿದರು. ಗಾಬರಿಯಾಗಿ ಎದ್ದು ತೆಗೆದರೆ ಪಕ್ಕದ ಮನೆಯ ಅಜ್ಜಿ, ತಲೆ ಮೇಲೆ ಸೆರಗು, ಕೈಯಲ್ಲಿ ಟಾರ್ಚು. "ನಳಾ ಬಂದಾವ್ರೀ, ಏಳ್ರಿ!" ಅಂದರು. ನನಗೆ ಅರ್ಥವಾಗಲಿಲ್ಲ. ನಳ ಅಂದರೆ ಯಾರೋ ನೆಂಟರು ಬಂದಿರಬೇಕು ಅಂದುಕೊಂಡು ಅವರ ಬೆನ್ನ ಹಿಂದೆ ನೋಡಿದೆ. ಅಜ್ಜಿಗೆ ಸಿಟ್ಟು ಬಂತು, ಸೀದಾ ಒಳಗೆ ಬಂದು ಸಂಪಿನ ಮುಚ್ಚಳ ತೆಗೆದು ವಾಲ್ವ್ ತಿರುಗಿಸಿ ಹೋದರು. ಆಮೇಲೆ ತಿಳಿಯಿತು, ಆ ಓಣಿಗೆ ನೀರು ಬಂದದ್ದು ಆರು ದಿನದ ಮೇಲೆ. ಅಲ್ಲಿ ನೀರು 'ಬರ್ತಾವೆ', ಬಹುವಚನ. ಮರ್ಯಾದೆಯೋ ಏನೋ ಅಂತ ನನಗೆ ಆಗ ಅನಿಸಿತ್ತು.

ಅದೇ ಊರಿನ ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನದ 24 ಗಂಟೆ ನೀರು ಇತ್ತು. ವಿಶ್ವಬ್ಯಾಂಕ್ ಸಾಲದ ಯೋಜನೆ, ದೇಶದ ಬೇರೆ ಕಡೆಯಿಂದ ಜನ ಬಂದು ನೋಡಿಕೊಂಡು ಹೋಗುತ್ತಿದ್ದರು. ನಾಲ್ಕು ಬೀದಿ ಆಚೆ ಕೊಡ ಇಟ್ಟುಕೊಂಡು ಕಾಯುತ್ತಿದ್ದರು. ಮಲಪ್ರಭೆ ನೀರು ಸವದತ್ತಿ ಹತ್ತಿರದ ಅಣೆಕಟ್ಟಿನಿಂದ ಬರಬೇಕು, ನಡುವೆ ಪೈಪು ಒಡೆದರೆ ಎರಡು ದಿನ ಸೇರಿಸಿಕೊಳ್ಳಿ. ಊರು ಯಾವುದು ಅನ್ನುವುದಕ್ಕಿಂತ ಓಣಿ ಯಾವುದು ಅನ್ನುವುದು ಮುಖ್ಯ. ಬ್ರೋಕರ್ ಇದನ್ನು ಹೇಳುವುದಿಲ್ಲ.

ಮಾತು. ಕನ್ನಡದ ಊರೇ ತಾನೇ ಅಂತ ಹೋಗುತ್ತೀರಿ. ಹೌದು, ಬೆಂಗಳೂರಿಗಿಂತ ನೂರು ಪಾಲು ಕನ್ನಡ. ಆದರೂ ತರಕಾರಿಗೆ ಕಾಯಿಪಲ್ಯ, ಈರುಳ್ಳಿಗೆ ಉಳ್ಳಾಗಡ್ಡಿ, ಹಿಟ್ಟು ಬೀಸುವ ಮಿಲ್ಲಿಗೆ ಗಿರಣಿ, ಸಂಬಳಕ್ಕೆ ಪಗಾರ. "ಪಗಾರ ಎಷ್ಟ್ರಿ?" ಅಂತ ಎರಡನೇ ದಿನವೇ ಕೇಳುತ್ತಾರೆ, ಕೇಳುವವರ ಮನಸ್ಸಿನಲ್ಲಿ ಏನೂ ಇರುವುದಿಲ್ಲ. "ಅಡ್ಡಿ ಇಲ್ಲ" ಅಂದರೆ ಚೆನ್ನಾಗಿದೆ ಅಂತಲೇ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ತಾಯಿ ಮುದ್ದೆ ಬಿಟ್ಟು ಇರಲಾರರು ಅಂದಿರಿ. ರಾಗಿ ಹಿಟ್ಟು ಸಿಗುತ್ತದೆ. ಆದರೆ ಪಕ್ಕದ ಮನೆಯವರು ಬಿಸಿ ರೊಟ್ಟಿ, ಎಣ್ಣೆಗಾಯಿ ತಂದು ಕೊಟ್ಟು ತಿನ್ನುವವರೆಗೆ ಅಲ್ಲೇ ನಿಂತಿರುತ್ತಾರೆ. ಅಮ್ಮಂದಿರು ನಮಗಿಂತ ಬೇಗ ಹೊಂದಿಕೊಳ್ಳುತ್ತಾರೆ ಅಂತ ನನ್ನ ಅನುಭವ. ನನ್ನ ತಾಯಿಗೆ ಮೂರು ತಿಂಗಳಲ್ಲಿ ಓಣಿ ತುಂಬಾ ಗೆಳತಿಯರು.

ಮಗಳು ಕಲಿಯುತ್ತಿರುವುದು ಕರ್ನಾಟಕ ಸಂಗೀತ. ನೀವು ಹೋಗುತ್ತಿರುವುದು ಮಲ್ಲಿಕಾರ್ಜುನ ಮನ್ಸೂರರ, ಬಸವರಾಜ ರಾಜಗುರುಗಳ, ಗಂಗೂಬಾಯಿ ಹಾನಗಲ್ಲರ ನೆಲಕ್ಕೆ. ಸಂಗೀತಕ್ಕೆ ಬರವಿಲ್ಲ, ಆದರೆ ಅದು ಹಿಂದುಸ್ತಾನಿ. ಅವಳಿಗೆ ಇಷ್ಟವಾಗಬಹುದು, ಇಷ್ಟು ವರ್ಷ ಕಲಿತದ್ದನ್ನು ಬಿಟ್ಟು ಮತ್ತೆ ಸಾ ಹಚ್ಚುವುದು ಅಂತ ಅಳಲೂಬಹುದು. ಅವಳನ್ನು ಕೇಳಿದಿರಾ?

ಹೆಂಡತಿಯನ್ನು ಕೇಳಿದಿರಾ?

ನಾನೂ ಅದೇ ಸಾಲು ಹೇಳಿದವನು ಸಾರ್. ಅಕ್ಷರಶಃ ಅದೇ. ನನ್ನ ಹೆಂಡತಿ ಬೆಂಗಳೂರಿನಲ್ಲಿ ಒಂದು ಲ್ಯಾಬಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದಳು, ಕೈಕೆಳಗೆ ಐದು ಜನ ಇದ್ದರು. ಧಾರವಾಡದಲ್ಲಿ ಅವಳ ಕೆಲಸಕ್ಕೆ ಸರಿಯಾದ ಜಾಗ ಒಂದೋ ಎರಡೋ. ಒಂದರಲ್ಲಿ ಖಾಲಿ ಇರಲಿಲ್ಲ, ಇನ್ನೊಂದರಲ್ಲಿ ಹೊಸಬರಿಗೆ ಕೊಡುವ ಸಂಬಳ ಹೇಳಿದರು. ಮಧ್ಯಮ ಊರಿನ ಕಷ್ಟವೇ ಅದು, ಎಲ್ಲವೂ ಇರುತ್ತದೆ, ಆದರೆ ಒಂದೊಂದೇ ಇರುತ್ತದೆ. ಒಂದೂವರೆ ವರ್ಷ ಮನೆಯಲ್ಲಿ ಕೂತಳು. ಬಾಯಿಬಿಟ್ಟು ಏನೂ ಹೇಳಲಿಲ್ಲ, ನಾನು ಅದನ್ನೇ ಅಡ್ಜಸ್ಟ್ ಅಂದುಕೊಂಡೆ. ಸಂಜೆ ವಾಕಿಂಗ್ ಮಾಡಿ ಲೈನ್ ಬಜಾರಿನಲ್ಲಿ ಪೇಡೆ ತಂದು, "ನೋಡು ಎಷ್ಟು ನೆಮ್ಮದಿ ಇದೆ" ಅನ್ನುತ್ತಿದ್ದೆ. ನೆಮ್ಮದಿ ನನಗಿತ್ತು. ಒಂದು ದಿನ ಹಳೇ ಆಫೀಸಿನ ಐಡಿ ಕಾರ್ಡು ಬೀರುವಿನಲ್ಲಿ ಸೀರೆಗಳ ನಡುವೆ ಸಿಕ್ಕಿತು, ಹೋಗುವಾಗ ವಾಪಸ್ ಕೊಡಬೇಕಿದ್ದದ್ದು. ಕೇಳಿದರೆ "ಕಳೆದುಹೋಯ್ತು ಅಂತ ಹೇಳಿ ದುಡ್ಡು ಕಟ್ಟಿದ್ದೆ" ಅಂದಳು. ಆಮೇಲೆ ಅವಳಿಗೆ ಕೆಲಸ ಸಿಕ್ಕಿತು, ಚಿಕ್ಕದೇ. ಆರನೇ ವರ್ಷ ಬೆಂಗಳೂರಿಗೆ ವಾಪಸ್ ಬಂದೆವು. ಊರಿನದೇನೂ ತಪ್ಪಿರಲಿಲ್ಲ.

14 ವರ್ಷದ ಗಣಿತದ ಟೀಚರ್‌ಗೆ ನನ್ನ ಹೆಂಡತಿಗಿಂತ ದಾರಿ ಸುಲಭ ಇರಬಹುದು. ಧಾರವಾಡದಲ್ಲಿ ಶಾಲೆ, ಕೋಚಿಂಗ್ ಸೆಂಟರ್‌ಗಳಿಗೆ ಕಡಿಮೆ ಇಲ್ಲ, ಸರ್ಕಾರಿ ಕೆಲಸದ ಪರೀಕ್ಷೆಗೆ ಓದಲು ಸುತ್ತಲಿನ ಜಿಲ್ಲೆಗಳ ಹುಡುಗರೆಲ್ಲ ಅಲ್ಲೇ ರೂಮು ಮಾಡಿರುತ್ತಾರೆ. ಸಂಬಳ ಇಳಿಯಬಹುದು, ಎಷ್ಟು ಅಂತ ಅವರೇ ಹೋಗಿ ವಿಚಾರಿಸಲಿ. ನೀವಲ್ಲ, ಅವರು. ಅವರಿಗೆ ಕೆಲಸ ಗ್ಯಾರಂಟಿ ಆಗುವವರೆಗೆ ಸೈಟಿನ ಮಾತು ಎತ್ತಬೇಡಿ.

ಫ್ಲ್ಯಾಟ್ ಮಾರಲೇಬೇಡಿ. ಬಾಡಿಗೆಗೆ ಕೊಡಿ, ಆ ದುಡ್ಡಿನಲ್ಲಿ ಅಲ್ಲಿ ಬಾಡಿಗೆ ಕಟ್ಟಿ, ಬಹುಶಃ ಮಿಗುತ್ತದೆ. ಒಂದು ವರ್ಷ ಇದ್ದು ನೋಡಿ. ಮಗಳ ಶಾಲೆ ಬದಲಿಸುವುದಾದರೆ ಈಗಲೇ ಒಳ್ಳೆಯದು, ಎಂಟನೇ ಕ್ಲಾಸಿನ ಮೇಲೆ ಕಷ್ಟ. ಮನೆ ಕಟ್ಟುವ ಆಸೆ ಉಳಿದರೆ ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿ. ಆ ಕಡೆ ಎರೆಮಣ್ಣಿನ ಜಾಗ ಬಹಳ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯಿ ಬಿಡುವ ಮಣ್ಣು ಅದು, ಪಾಯ ಸರಿಯಿಲ್ಲದಿದ್ದರೆ ಗೋಡೆಯೂ ಬಾಯಿ ಬಿಡುತ್ತದೆ.

ಮನೆ ಹುಡುಕಲು ಮೇ ತಿಂಗಳಲ್ಲಿ ಹೋಗಿ, ಇಬ್ಬರೂ ಹೋಗಿ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಓನರ್‌ನ ಕೇಳಬೇಡಿ. ಪಕ್ಕದ ಮನೆ ಅಜ್ಜಿಯನ್ನು ಕೇಳಿ.