ಮಾಸ್ತರ, ನಿಮ್ಮ ಜಮಖಂಡಿಯಾಗ 1868ರಾಗನ ಗ್ರಹಣ ನೋಡ್ಯಾರ

ಜಮಖಂಡಿ ತಾಲೂಕಿನ ಒಬ್ರು ರಿಟೈರ್ಡ್ ಮಾಸ್ತರು ಬರೆದ ಪತ್ರ, ಸ್ವಲ್ಪ ಕಡಿಮಿ ಮಾಡಿ:

"ಹೋದ ಸಂಚಿಕೆದಾಗ ಸೂರ್ಯಗ್ರಹಣದ ಬಗ್ಗೆ ಓದುಗರ ಅನುಭವ ಹಾಕೀರಿ. ಅದ್ರಾಗ ಅರ್ಧಕ್ಕರ್ಧ ಮಂದಿ ಗ್ರಹಣನ ನೋಡಿಲ್ಲ, ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ವಿ ಅಂತ ಬರದಾರ. ಇದೆಂಥಾ ಅನುಭವ? ಗ್ರಹಣ ನೋಡೋದು ಪರದೇಶದವರ ಶೋಕಿ, ನಮ್ಮ ಭಾಗದಾಗ ಯಾರೂ ಅದನ್ನ ನೋಡಾಕ ಕುಂತಿಲ್ಲ. ನೋಡಬೇಕಂದ್ರೂ ಸೆಗಣಿ ನೀರಾಗ ನೋಡ್ರಿ ಅಂತ ಹಿರೇರು ಹೇಳ್ಯಾರ, ನೀವು ಅದನ್ನ ಬಿಟ್ಟು ಕನ್ನಡಕ ಕೊಳ್ರಿ ಅಂತೀರಿ. 2027ರ ಸೂರ್ಯಗ್ರಹಣಕ್ಕ ಮೊಮ್ಮಗನ್ನ ಹೊರಗ ಕರ್ಕೊಂಡು ಹೋಗಬೇಕೋ ಬ್ಯಾಡೋ, ಅದನ್ನಷ್ಟು ಹೇಳ್ರಿ."

ಸಂಪಾದಕರ ಉತ್ತರ:

ಮಾಸ್ತರ, ನಮಸ್ಕಾರ್ರೀ. ಪತ್ರ ಖಡಕ್ ಐತಿ, ಅದಕ್ಕ ಎರಡು ಸಾಲಿನಾಗ ಮುಗಸಲಾರದ ಉದ್ದ ಬರಿಯಾಕತ್ತೇನಿ.

ಮೊದಲು ಆ ಒಳಗ ಕುಂತವರ ವಿಷಯ. ಅವರ ಪತ್ರ ತಗದು ಹಾಕಿದ್ರ ನಮ್ಮ ಭಾಗದ ಗ್ರಹಣದ ಅನುಭವನ ಅರ್ಧ ಹೋಗ್ತದರೀ. ಕೊಡಕ್ಕ, ಉಪ್ಪಿನಕಾಯಿ ಭರಣಿಗೆ ಗರಿಕಿ ಹಾಕಿದ್ದು, ಪರಾತದಾಗ ಅರಿಶಿಣ ನೀರು ಹಾಕಿ ಒನಕಿ ನಿಲ್ಲಿಸಿ ಅದು ಬೀಳೋತನಕ ಎಲ್ಲಾರೂ ಉಸಿರು ಹಿಡ್ಕೊಂಡು ಕುಂತಿದ್ದು (ಒನಕಿ ತಳ ಸಪಾಟ ಇದ್ರ ಬ್ಯಾರೆ ದಿನಾನೂ ನಿಲ್ತೈತಿ, ಮಾಡಿ ನೋಡ್ರಿ), ಬೆಳಗಾವಿ ಓಣಿಯಾಗ "ದೇ ದಾನ, ಸುಟೇ ಗಿರಾಣ" (ದಾನ ಕೊಡ್ರಿ, ಗ್ರಹಣ ಬಿಡ್ತೈತಿ) ಅಂತ ಕೂಗ್ಕೋತ ಬರೋರಿಗೆ ಅವ್ವ ಜೋಳ ನೀಡಿದ್ದು, ಗ್ರಹಣ ಬಿಟ್ಟ ಮ್ಯಾಲೆ ತಣ್ಣೀರು ಸುರಕೊಂಡಿದ್ದು, ಇವೆಲ್ಲಾ ಅನುಭವ ಅಲ್ಲೇನು? ಮತ್ತ ಗೋಕಾಕದ ಅಕ್ಕಾವ್ರ ಪತ್ರ ನೀವು ಗಡಿಬಿಡಿಯಾಗ ಓದೀರಿ ಅನಸ್ತೈತಿ. 1980ರಾಗ ಅವರಿಗೆ ಎಂಟು ವರ್ಷ, ಆಯಿ ಒಳಗ ಹಾಕಿ ಚಿಲಕಾ ಜಡದಿದ್ಲು. ಪಡಸಾಲಿ ಮ್ಯಾಲಿನ ತಗಡಿನಾಗ ಹಳೇ ಮಳಿ ಹೊಡದ ತೂತು, ಅದ್ರಿಂದ ದಿನಾ ನೆಲದ ಮ್ಯಾಲೆ ಬೀಳತಿದ್ದ ದುಂಡನ್ನ ಬಿಸಿಲು ಅವತ್ತು ಒಂದು ಕಡೆಯಿಂದ ಸವೆದು ಸವೆದು ಕುಡಗೋಲಿನಂಗ ಆತಂತ. ಈಕಿ "ಆಯಿ, ಸೂರ್ಯ ನಮ್ಮ ಮನಿಯಾಗ ಬಂದಾನ" ಅಂದ್ರ ಆಯಿ ಬಂದು ಅದರ ಮ್ಯಾಲೆ ಗೋಣಿಚೀಲಾ ಹಾಸಿಬಿಟ್ಲಂತ, ಬಿಸಿಲು ಚೀಲದ ಮ್ಯಾಲೂ ಹಂಗ ಬಿತ್ತಂತ. ನನಗ ಇಡೀ ಸಂಚಿಕೆದಾಗ ಇದಕ್ಕಿಂತ ಚಲೋ ಬರವಣಿಗಿ ಸಿಕ್ಕಿಲ್ಲ.

ಯಾಕಂದ್ರ ಆ ಹುಡುಗಿ ನೋಡಿದ್ದು ಖರೇ ಗ್ರಹಣನ. ಸಣ್ಣ ತೂತಿನಿಂದ ಬಿದ್ದ ಬಿಸಿಲು ತೂತಿನ ಆಕಾರ ಅಲ್ಲ, ಸೂರ್ಯನ ಚಿತ್ರ. ತೂತಿಗೂ ನೆಲಕ್ಕೂ ಹತ್ತು ಫೂಟ್ ಅಂತರ ಇದ್ರ ಆ ಚಿತ್ರ ಹೆಚ್ಚುಕಡಿಮಿ ಒಂದು ಇಂಚು ಅಗಲ ಬರ್ತೈತಿ, ಮಧ್ಯಾಹ್ನ ಇಳಿದ ಮ್ಯಾಲೆ ಆದ್ರ ಸ್ವಲ್ಪ ಉದ್ದಕ್ಕ ಎಳದಂಗ ಕಾಣ್ತೈತಿ. ಹಿಟ್ಟಿನ ಸಾಣಿಗಿ ಹಿಡದ್ರೂ, ಬೇವಿನ ಗಿಡದ ನೆರಳಾಗ ನಿಂತ್ರೂ ಸಣ್ಣ ಸಣ್ಣ ಕುಡಗೋಲು ನೂರಾರು ಬೀಳ್ತಾವ. ಕಣ್ಣಿಗೆ ಏನೂ ಆಗಂಗಿಲ್ಲ, ಮ್ಯಾಲೆ ನೋಡೂದ ಇಲ್ಲಲ್ಲ.

ಅದೇ 1980ರ ಫೆಬ್ರುವರಿ 16ರ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವತ್ತು ಪೂರ್ತಿ ಗ್ರಹಣದ ಪಟ್ಟಿ ಅಂಕೋಲಾ ಕಡೆಯಿಂದ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರು ಮ್ಯಾಲೆ ಹಾದು ಹೋತು, ಬೆಳಗಾವಿ ವಿಜಯಪುರ ಎರಡೂ ಹೊರಗ ಉಳದ್ವು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು ಹುಬ್ಬಳ್ಳಿ ಹತ್ರ ಹೊಸೂರಾಗ, ರಾಯಚೂರು ಜಿಲ್ಲಾದ ಜವಳಗೇರಾದಾಗ ಕ್ಯಾಂಪ್ ಹಾಕಿದ್ರು. ಬೆಳಗಾವಿ ಮಂದಿ "ನಮ್ಮಲ್ಲೂ ಭಾಳಷ್ಟು ಮುಚ್ಚಿತ್ತಲ್ಲ, ಸಂಜಿ ಆದಂಗಾತು, ಅಷ್ಟರಮ್ಯಾಲೆ ಹುಬ್ಬಳ್ಳಿಗೆ ಯಾಕ ಹೋಗಬೇಕು" ಅಂತ ಈಗಲೂ ಅಂತಾರ. ಇಲ್ಲೇ ಮೋಸ ಆಗೋದು ನೋಡ್ರಿ. ಸೂರ್ಯ ಹುಣ್ಣಿಮಿ ಚಂದ್ರನಕಿಂತ ಸುಮಾರು 4 ಲಕ್ಷ ಪಟ್ಟು ಬೆಳಕು, ಹಂಗಾಗಿ ನೂರರಾಗ ಒಂದ ಪಾಲು ಉಳದ್ರೂ ಅದು ಸಾವಿರಗಟ್ಟಲೆ ಹುಣ್ಣಿಮಿಗೆ ಸಮ, ಆಕಾಶ ಕಪ್ಪಾಗಂಗಿಲ್ಲ, ಕರೋನಾ ಕಾಣಂಗಿಲ್ಲ. (ಈ ಕರೋನಾ ಆ ರೋಗ ಅಲ್ರೀ, ಸೂರ್ಯನ ಸುತ್ತಲಿನ ಬಿಳೀ ಪ್ರಭೆ.) ಆ ದಿನ ಬಸ್ ಹಿಡದು ಹುಬ್ಬಳ್ಳಿಗೆ ಹೋಗಿದ್ದ ಬೆಳಗಾವಿಯ ಒಬ್ರು ಬರದಾರ: ಬಸ್ ಖಾಲಿ, ಹುಬ್ಬಳ್ಳಿ ರೋಡ್ ಖಾಲಿ, ಚಾದಂಗಡಿ ಬಂದ್, ಒಂದು ಕಪ್ ಚಾ ಸಿಗಲಿಲ್ಲ ಅಂತ ಬೈಕೋತ ನಿಂತಿದ್ದಾಗ ಪಶ್ಚಿಮದ ಕಡೆಯಿಂದ ಕತ್ತಲಿ ಓಡಿ ಬಂತು, ಕಾಗಿ ಗಿಡಕ್ಕ ಹೋದ್ವು, ಶುಕ್ರ ಕಂಡ, ಎರಡೂವರಿ ನಿಮಿಷ ಚಿಲ್ಲರೆದಾಗ ಎಲ್ಲಾ ಮುಗದು ಮತ್ತ ಬಿಸಿಲು. ಊರಿಗೆ ಬಂದ ಮ್ಯಾಲೆ ಮನಿಯವರು ಬಾಗಲ ಹೊರಗ ನಿಲ್ಲಿಸಿ ನೀರು ಹಾಕಿ ಒಳಗ ಕರ್ಕೊಂಡ್ರಂತ.

ಈಗ ನಿಮ್ಮ ಶೋಕಿ ಮಾತಿಗೆ ಬರ್ತೇನಿ. ನಮ್ಮ ಭಾಗದಾಗ ಯಾರೂ ನೋಡಾಕ ಕುಂತಿಲ್ಲ ಅಂದ್ರಲ್ಲ, ಮಾಸ್ತರ, ನಿಮ್ಮ ಜಮಖಂಡಿ ಹೆಸರು ಜಗತ್ತಿನ ವಿಜ್ಞಾನದ ಇತಿಹಾಸದಾಗ ಐತಿ. 1868ರ ಆಗಸ್ಟ್ 18ರ ಪೂರ್ಣಗ್ರಹಣ ನಮ್ಮ ಮ್ಯಾಲೇ ಹಾದು ಗುಂಟೂರು, ಮಚಲೀಪಟ್ಟಣದ ಕಡೆ ಹೋತು. ಲಂಡನ್ನಿನ ರಾಯಲ್ ಸೊಸೈಟಿಯವರ ಪರವಾಗಿ ಸರ್ವೇ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಗೆ ಬಂದು ಕುಂತ. ಇವನ ಅಜ್ಜ ವಿಲಿಯಂ ಹರ್ಷೆಲ್ 1781ರಾಗ ಯುರೇನಸ್ ಗ್ರಹ ಕಂಡವ, ಅಪ್ಪನೂ ದೊಡ್ಡ ಖಗೋಳಶಾಸ್ತ್ರಜ್ಞ. ವಿಜಾಪುರದಾಗ ಕ್ಯಾಪ್ಟನ್ ಹೇಗ್ ಅನ್ನಾವ ಕೈಯಾಗ ಹಿಡಿಯೋ ಸ್ಪೆಕ್ಟ್ರೋಸ್ಕೋಪ್ (ಬೆಳಕನ್ನ ಅದರೊಳಗಿನ ಬಣ್ಣಬಣ್ಣಕ್ಕ ಬಿಡಿಸಿ ತೋರಿಸೋ ಉಪಕರಣ) ಹಿಡ್ಕೊಂಡು ನಿಂತಿದ್ದ. ಪೂರ್ಣಗ್ರಹಣದಾಗ ಸೂರ್ಯನ ಅಂಚಿನಿಂದ ಕೆಂಪು ಜ್ವಾಲಿ ಎದ್ದದ್ದು ಕಾಣ್ತಾವಲ್ಲ, ಅವು ಏನು, ಗಟ್ಟಿನೋ ಗ್ಯಾಸೋ, ಇದ ಪ್ರಶ್ನೆ. ಶ್ರಾವಣದ ಆಜುಬಾಜು ಅಂದ್ರ ಮೋಡ ಕೇಳಬೇಕಾ, ಎರಡೂ ಕಡೆ ಕಾಡ್ತು, ಆದ್ರ ಮೋಡ ಹರಿದ ಸ್ವಲ್ಪ ಹೊತ್ತಿನಾಗನ ಸ್ಪೆಕ್ಟ್ರೋಸ್ಕೋಪಿನಾಗ ಹರ್ಷೆಲ್‌ಗೆ ಮೂರು ಬಣ್ಣದ ಹೊಳಿಯೋ ಗೆರೆ ಕಂಡ್ವು: ಕೆಂಪು, ಕಿತ್ತಳೆ, ನೀಲಿ. ಹಿಂಗ ಬಿಡಿ ಬಿಡಿ ಹೊಳಿಯೋ ಗೆರೆ ಬಂದ್ವಂದ್ರ ಅದು ಕಾದ ಗ್ಯಾಸ್, ಪ್ರಶ್ನೆ ಅಲ್ಲಿಗೆ ಬಗಿಹರೀತು. ಅದ ದಿನ ಗುಂಟೂರಾಗ ಫ್ರಾನ್ಸಿನ ಜಾನ್ಸೆನ್ ಈ ಗೆರೆ ಎಷ್ಟು ಹೊಳೀತಾವು ಅಂತ ನೋಡಿ, ಮರುದಿನ ಗ್ರಹಣ ಇಲ್ದನ ಅವನ್ನ ಕಂಡ. ಆ ಕಿತ್ತಳೆ–ಹಳದಿ ಗೆರೆ ಸೋಡಿಯಂದು ಅಂತ ಮೊದಲು ತಿಳದಿದ್ರು, ಅದಲ್ಲ ಅಂತ ಆಮ್ಯಾಲೆ ಗೊತ್ತಾತು, ಭೂಮಿ ಮ್ಯಾಲೆ ಯಾರೂ ಕಾಣದ ಹೊಸ ವಸ್ತು ಅದು, ಅದಕ್ಕ ಹೀಲಿಯಂ ಅಂತ ಹೆಸರಿಟ್ರು, 1895ರಾಗ ರಾಮ್ಸೆ ಅನ್ನಾವ ಅದನ್ನ ಒಂದು ಖನಿಜದಾಗಿಂದ ತಗದು ತೋರಿಸಿದ. ಇವತ್ತು ದವಾಖಾನಿಯ ಎಂಆರ್‌ಐ ಮಶಿನ್‌ಗೂ ಬೇಕಾಗೋದು ಅದ. ಅದರ ಬೆಳಕನ್ನ ಮೊದಲು ಕಂಡವರ ಪೈಕಿ ಒಬ್ಬ ಪಟವರ್ಧನರ ಸಂಸ್ಥಾನದ ಜಮಖಂಡಿಯಾಗಿದ್ದ ಅನ್ನೋದನ್ನ ನಿಮ್ಮ ಸಾಲಿ ಹುಡುಗ್ರಿಗೆ ಯಾರರೆ ಹೇಳ್ಯಾರೇನು? ಇದೊಂದು ನನಗ ಹೊಟ್ಟಿಯಾಗ ಕಿಚ್ಚು ಹಚ್ಚೋ ಸಂಗತಿ.

ಹರ್ಷೆಲ್ ಪರದೇಶದವನ ಅಂತೀರಿ, ಖರೇ. ಹಂಗಾದ್ರ ನಿಮ್ಮ ಜಿಲ್ಲಾದ್ದ ಪಟ್ಟದಕಲ್ಲಿಗೆ ಹೋಗ್ರಿ, ಅಲ್ಲಿ ಚಾಲುಕ್ಯ ಎರಡನೇ ಕೀರ್ತಿವರ್ಮನ ಕಾಲದ ಕಂಬದ ಶಾಸನದಾಗ 754ರ ಸೂರ್ಯಗ್ರಹಣದ ದಾಖಲೆ ಐತಿ. ಗ್ರಹಣದ ಹೊತ್ತಿಗೆ ದಾನ ಕೊಡಬೇಕಂದ್ರ ಯಾವಾಗ ಹಿಡೀತೈತಿ ಅಂತ ಲೆಕ್ಕ ಹಾಕೋರು, ಹಿಡೀತು ಅಂತ ನೋಡಿ ಹೇಳೋರು ಇರಬೇಕಲ್ಲ. ಎಲ್ಲಾರೂ ಒಳಗ ಕುಂತಿದ್ರ ನಡೀತಿರಲಿಲ್ಲ.

ಸೆಗಣಿ ನೀರು ಮಾತ್ರ ಬ್ಯಾಡ್ರಿ, ಇದ್ರಾಗ ನಾನು ಮೆತ್ತಗಾಗಂಗಿಲ್ಲ. ನೀರು ಎಷ್ಟ ಕದಡಿದ್ರೂ ಬೆಳಕು ವಾಪಸ್ ಬರೋದು ಮ್ಯಾಲಿನ ಪದರದಿಂದ. ಸೂರ್ಯ ನೆತ್ತಿ ಮ್ಯಾಲಿದ್ದಾಗ ನೂರರಾಗ ಎರಡು ಪಾಲು, ಇಳಿದಷ್ಟು ಇನ್ನೂ ಹೆಚ್ಚು. ಕಣ್ಣಿಗೆ ಲಕ್ಷದಾಗ ಮೂರು ಪಾಲಿಗಿಂತ ಹೆಚ್ಚು ಬಿಡಬಾರದು, ಲೆಕ್ಕ ನೀವ ಹಾಕ್ರಿ. ಎಕ್ಸರೇ ಫಿಲ್ಮೂ ಹಂಗ, ಕಪ್ಪಗ ಕಾಣ್ತೈತಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹಾಯ್ತಾವ. ಕಣ್ಣಿನ ಒಳಪದರಕ್ಕ ನೋವು ಗೊತ್ತಾಗೋ ನರ ಇಲ್ಲ, ಸುಟ್ರೂ ತಿಳಿಯಂಗಿಲ್ಲ, ತಾಸುಗಟ್ಟಲೆ ಆದ ಮ್ಯಾಲೆ ನಟ್ಟನಡುವ ಮಬ್ಬು ಕಲಿ ಕಾಣ್ತೈತಿ. ನಂಬರ್ 14ರ ವೆಲ್ಡಿಂಗ್ ಗ್ಲಾಸ್ ನಡೀತೈತಿ, ಅಂಗಡಿಯಾಗ ಸಾದಾ ಸಿಗೋ ಹತ್ತು ಹನ್ನೊಂದು ನಂಬರ್ ನಡಿಯಂಗಿಲ್ಲ.

ಸಂಪ್ರದಾಯಕ್ಕ ನಾನು ವೈರಿ ಅಲ್ರೀ, ಗರಿಕಿ ಹಾಕ್ರಿ, ಜಳಕಾ ಮಾಡ್ರಿ, ಯಾರಿಗೂ ತ್ರಾಸಿಲ್ಲ. ಆದ್ರ 2019ರ ಡಿಸೆಂಬರ್ 26ಕ್ಕ ಕಲಬುರಗಿಯ ತಾಜಸುಲ್ತಾನಪುರದಾಗ ಅಂಗವಿಕಲ ಮಕ್ಕಳನ್ನ ಕುತ್ತಿಗಿಮಟ ಮಣ್ಣಾಗ ಹುಗದಿದ್ರಲ್ಲ, ಗ್ರಹಣದಾಗ ಹಿಂಗ ಮಾಡಿದ್ರ ಕೈಕಾಲು ಬರ್ತಾವಂತ, ಅದನ್ನ ಸಂಪ್ರದಾಯ ಅನ್ನಾಕ ನನಗ ಬಾಯಿ ಬರಂಗಿಲ್ಲ. ಬಸುರಿ ಹೆಣ್ಣುಮಗಳನ್ನ ತಾಸುಗಟ್ಟಲೆ ನೀರಿಲ್ಲದಂಗ ಕೂಡಸೋದನ್ನೂ ಬಿಡ್ರಿ.

ಇನ್ನ ನಿಮ್ಮ ಮೊಮ್ಮಗ. 2027ರ ಆಗಸ್ಟ್ 2, ಸೋಮವಾರ, ನಾಗರ ಅಮಾಸಿ. ಪೂರ್ಣಗ್ರಹಣ ದೂರದ ಈಜಿಪ್ಟಿನ ಲಕ್ಸರ್ ಕಡೆ, ಅಲ್ಲಿ ಆರು ನಿಮಿಷದ ಮ್ಯಾಲೆ, ನಮಗ ಮಧ್ಯಾಹ್ನ ಇಳಿದ ಮ್ಯಾಲೆ ಪಾರ್ಶ್ವ ಅಷ್ಟ, ಹಂಗಾಗಿ ಒಂದು ಸೆಕೆಂಡ್ ಸೈತ ಕನ್ನಡಕ ತಗಿಯಂಗಿಲ್ಲ. ಬೆಳಗಾವಿಯಾಗ ಆಗಸ್ಟ್ ಅಂದ್ರ ಜಿಟಿಜಿಟಿ ಮಳಿ, ನಿಮ್ಮ ಕಡೆ, ವಿಜಯಪುರದ ಕಡೆ ಮಳಿ ಕಡಿಮಿ, ಕಾಣೋ ಚಾನ್ಸ್ ನಿಮಗ ಜಾಸ್ತಿ. ಕರ್ಕೊಂಡು ಹೋಗ್ರಿ, ಸಾಲಿ ಮೈದಾನಕ್ಕ ಹೋಗ್ರಿ, ಒಂದು ಸಾಣಿಗಿ ಒಂದು ಬಿಳೀ ಹಾಳಿ ಇದ್ರ ಇಡೀ ಓಣಿ ಹುಡುಗ್ರಿಗೆ ಸಾಕು. ಕನ್ನಡಕ ಬೇಕಂದ್ರ ಐಎಸ್‌ಒ 12312-2 (ಸೂರ್ಯನ್ನ ನೋಡೋ ಕನ್ನಡಕದ ಜಾಗತಿಕ ಗುಣಮಟ್ಟದ ನಂಬರ್) ಅಂತ ಬರದದ್ದು, ಗೊತ್ತಿದ್ದ ವಿಜ್ಞಾನ ಕೇಂದ್ರದವರ ಕಡೆಯಿಂದ ತರಸ್ರಿ, ಅದೂ ಮೊದಲ ತರಸ್ರಿ, ಕಡೀ ವಾರದಾಗ ಡುಪ್ಲಿಕೇಟ್ ಮಾಲು ಭಾಳ ಬರ್ತೈತಿ. ಬರೇ ನಂಬರ್ ನೋಡಿ ನಂಬಬ್ಯಾಡ್ರಿ, ಮನಿಯಾಗ ಹಾಕ್ಕೊಂಡು ನೋಡ್ರಿ, ಉರಿಯೋ ಬಲ್ಬ್ ಮಬ್ಬಾಗಿ ಕಾಣೋದು ಬಿಟ್ಟು ಬ್ಯಾರೆ ಏನರೆ ಕಂಡ್ರ ಅದು ಖೊಟ್ಟಿ. ಗೀರು ಬೀಳದಂಗ ಇಟ್ಕೊಂಡ್ರ 2031ರ ಮೇ 21ಕ್ಕೂ ಬರ್ತೈತಿ, ಆಗ ಕೇರಳ–ತಮಿಳುನಾಡಿಗೆ ಕಂಕಣ, ನಮಗ ಮತ್ತ ಪಾರ್ಶ್ವ.