ಬಸ್ ಡಿಪೋ ನಡೆಸೋ ಸಿಮ್ಯುಲೇಶನ್ ಗೇಮಿನ ಸ್ಟೀಮ್ (ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ) ಕವರ್‌ನ್ಯಾಗ ಡಿಪೋ, ವರ್ಕ್‌ಶಾಪ್, ಟಿಕೆಟ್ ಕೌಂಟರ್ ಎಲ್ಲಾ ಹೆಂಗ ಕೂಡಸೋದು? ಆರ್ಟಿಸ್ಟ್‌ಗೆ ಕೊಡ್ಲೋ, ಎಐ ಕಡಿಂದ ಮಾಡಸ್ಲೋ?

ಕೂಡಸಬ್ಯಾಡ್ರಿ. ಆರ್ಟಿಸ್ಟೋ ಎಐಯೋ ಅನ್ನೋದು ಆಮ್ಯಾಲಿನ ಮಾತು, "ಎಲ್ಲಾ ಹೆಂಗ ಕೂಡಸೋದು" ಅಂತ ಕೇಳೀರಲ್ಲ, ಗೇಮ್ ಅಲ್ಲೇ ಮುಳುಗತೈತಿ. ನಮ್ದು ಹಂಗ ಮುಳುಗಿತ್ತು.

ನಾವು ಮಾಡಿದ್ದು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನ್ಯಾಗ ದಲಾಲಿ ಅಂಗಡಿ ನಡೆಸೋ ಗೇಮು. ರೈತರ ಕಡಿಂದ ಚೀಲ ಬರ್ತಾವ, ಕಡ್ಡಿ ಜಾತಿ ಕಾಯಿ ಯಾವ್ದು ಡಬ್ಬಿ ಜಾತಿದು ಯಾವ್ದು ಬ್ಯಾರೆ ಮಾಡಬೇಕು, ಬಣ್ಣ ನೋಡಬೇಕು, ಇವತ್ತಿನ ಟೆಂಡರ್‌ಗೆ ಇಡೋದೋ ಇಲ್ಲಾ ಕೋಲ್ಡ್ ಸ್ಟೋರೇಜ್‌ಗೆ ಹಾಕಿ ರೇಟ್ ಏರೋತನ ಕಾಯೋದೋ ಅಂತ ತೀರ್ಮಾನ ಮಾಡಬೇಕು. ನಮ್ಮ ಸೋದರಮಾವ ಅದ ಧಂದೆದಾಗ ಇದ್ದಾರ, ಹಂಗಾಗಿ ಒಳಗಿನ ಲೆಕ್ಕಾಚಾರ ಎಲ್ಲಾ ಅವರ ಕಡಿಂದ ಕಲ್ತಿದ್ದು. ಬ್ಯಾಡಗಿ ಕಾಯಿ ಖಾರ ಕಡಿಮಿ, ಬಣ್ಣ ಜಾಸ್ತಿ, 2011ರಾಗ ಜಿಐ ಟ್ಯಾಗೂ ಸಿಕ್ಕೈತಿ, ಮಸಾಲಿ ಮಾಡೋರಷ್ಟ ಅಲ್ಲ ಬಣ್ಣ ತೆಗಿಯೋ ಫ್ಯಾಕ್ಟರಿಯವರೂ ಖರೀದಿಗೆ ಬೀಳ್ತಾರ, ಇವೆಲ್ಲಾ ಗೇಮಿನೊಳಗ ಇತ್ತು. ಇಷ್ಟೆಲ್ಲಾ ಇದ್ದ ಮ್ಯಾಲ ಕವರ್‌ನ್ಯಾಗೂ ಎಲ್ಲಾ ಕಾಣಬೇಕು ಅನ್ನಿಸ್ತು.

ಗದಗದ ಒಬ್ಬ ಆರ್ಟಿಸ್ಟ್ ಭಾಳ ಛಂದ ಬರದು ಕೊಟ್ರು. ಮುಂಜಾನೆ ಮಾರ್ಕೆಟ್ ಯಾರ್ಡ್, ಮ್ಯಾಲಿಂದ ನೋಡಿದಂಗ, ಕೆಂಪ ಕೆಂಪ ರಾಶಿ, ಚೀಲದ ಸಾಲು, ತೊಟ್ಟು ಬಿಡಸೋ ಹೆಣ್ಮಕ್ಕಳು, ಲಾರಿ, ಖರೀದಿದಾರರು, ಹಿಂದ ಕೋಲ್ಡ್ ಸ್ಟೋರೇಜ್, ಮ್ಯಾಲ ಆಕಾಶದಾಗ ಗೇಮಿನ ಹೆಸರು. ಗದಗಿನ ಪ್ರೆಸ್‌ನ್ಯಾಗ ಅದನ್ನ ಪೋಸ್ಟರ್ ಹೊಡಿಸಿ ಗ್ವಾಡಿಗೆ ಹಚ್ಚಿದ್ವಿ. ಬಂದೋರೆಲ್ಲಾ ನಿಂತು ನೋಡೋರು, ಮಾವ ಅಂತೂ ಬಟ್ಟು ಮಾಡಿ ಇದು ಇಂಥಾ ಅಂಗಡಿ ಅದು ಇಂಥಾ ಅಂಗಡಿ ಅಂತ ತೋರಸೋರು.

ತಪ್ಪಾಗಿದ್ದು ಇಲ್ಲೇ ನೋಡ್ರಿ, ಇದನ್ನ ನಾನು ಬಿಡಿಸಿ ಬಿಡಿಸಿ ಹೇಳತೇನಿ ಯಾಕಂದ್ರ ನಮಗ ಸರೀ ಹೊಡ್ತಾ ಬಿದ್ದಿದ್ದು ಇದ ಒಂದರಿಂದ. ನಾವು ಕವರ್‌ನ ದೊಡ್ಡದಾಗಿ ನೋಡಿ ಪಾಸ್ ಮಾಡಿದ್ವಿ. ಸ್ಟೀಮ್ ಅಂಗಡಿಯೊಳಗ ಅದನ್ನ ಯಾರೂ ದೊಡ್ಡದಾಗಿ ನೋಡಂಗಿಲ್ಲ. ಸ್ಟೀಮ್ ಕೇಳೋ ಸ್ಮಾಲ್ ಕ್ಯಾಪ್ಸೂಲ್, ಅಂದ್ರ ಕವರ್‌ನ ಸಣ್ಣ ರೂಪ, 462 x 174 ಪಿಕ್ಸೆಲ್, ಅದರಿಂದ ಅವರ ಸಿಸ್ಟಮ್ಮು ತಾನ 184 x 69, 120 x 45 ಹಿಂಗ ಇನ್ನೂ ಸಣ್ಣ ಸೈಜ್ ಮಾಡಕೊಂತೈತಿ. ಸರ್ಚ್ ಲಿಸ್ಟು, ಟಾಪ್ ಸೆಲ್ಲರ್ ಲಿಸ್ಟು ಇಂಥಾ ಕಡೆ ನಿಮ್ಮನ್ನ ಹುಡುಕದ ಇರೋ ಮಂದಿಗೆ ಕಾಣಸೋದು ಈ ಸಣ್ಣೂವ. ಅಲ್ಲಿ ನಮ್ಮ ಮಾರ್ಕೆಟ್ ಏನಾತಂದ್ರ ಒಂದು ಕೆಂಪ ಪಟ್ಟಿ ಅಷ್ಟ, ಹೆಸರಿನ ಒಂದ ಅಕ್ಷರ ಓದಾಕ ಬರ್ತಿರಲಿಲ್ಲ. ಗ್ವಾಡಿ ಮ್ಯಾಲಿನ ಪೋಸ್ಟರ್ ಹತ್ರ ಮನಶ್ಯಾ ನಿಂತು ನೋಡತಾನ, ಲಿಸ್ಟ್‌ನ್ಯಾಗ ಬಟ್ಟಿನಿಂದ ಸ್ಕ್ರೋಲ್ ಮಾಡ್ಕೊಂತ ಹೊಕ್ಕಾನ. ಪೋಸ್ಟರ್ ನೋಡಿ ಹೊಗಳಿದವರೆಲ್ಲಾ ಮೊದಲ ಆ ಮಾರ್ಕೆಟ್ ಕಂಡವರು, ಅವರ ಕಣ್ಣಿಗೆ ಬರೇ ಕೆಂಪ ಬಣ್ಣ ಕಂಡ್ರೂ ಮೆಣಸಿನಕಾಯಿ ಅಂತ ತಿಳೀತೈತಿ. ಪೋಲಂಡ್‌ನ್ಯಾಗೋ ಬ್ರೆಜಿಲ್‌ನ್ಯಾಗೋ ಕುಂತವನಿಗೆ ಹೆಂಗ ತಿಳೀಬೇಕು?

ಇದು ಗೊತ್ತಾಗಿದ್ದು ನೆಕ್ಸ್ಟ್ ಫೆಸ್ಟ್ (ಇನ್ನೂ ಬಿಡುಗಡೆ ಆಗದ ಗೇಮ್‌ಗಳ ಡೆಮೋ ಆಡಸೋ ಸ್ಟೀಮ್‌ನ ಹಬ್ಬ) ಮುಗಿದ ಮ್ಯಾಲ. ಡೆಮೋ ಚಲೋ ಇತ್ತು, ಆಡಿದವರು ಗಂಟೆಗಟ್ಟಲೆ ಆಡಿದ್ರು, ಆದ್ರ ಆಡಾಕ ಬಂದವರ ಕಡಿಮಿ. ಗೇಮ್ ಮಾಡೋರಿಗೆ ಸ್ಟೀಮ್ ಕೊಡೋ ಸ್ಟೀಮ್‌ವರ್ಕ್ಸ್ ಸೈಟ್‌ನ್ಯಾಗ ಟ್ರಾಫಿಕ್ ರಿಪೋರ್ಟ್ ತಗದು ನೋಡಿದ್ರ ಇಂಪ್ರೆಶನ್ ಬಂದಾವ, ಕ್ಲಿಕ್ ಬಂದಿಲ್ಲ. ಅಂದ್ರ ಸ್ಟೀಮ್ ನಮ್ಮನ್ನ ಮಂದಿಗೆ ತೋರಿಸಿತ್ತು, ಮಂದಿ ದಾಟಿ ಹೋಗಿದ್ರು. ಒಂದು ಗೇಮಿಗೆ ನೆಕ್ಸ್ಟ್ ಫೆಸ್ಟ್ ಒಂದ ಸಲ, ಕವರ್ ಬದಲಿ ಮಾಡೇವಿ ಅಂತ ಮತ್ತ ಸೇರಿಸ್ಕೊಳ್ಳಂಗಿಲ್ಲ. ಆ ವಾರ ಹೋತು, ಮಂದಿ ನಮ್ಮ ಗೇಮನ್ನ ವಿಶ್‌ಲಿಸ್ಟ್‌ಗೆ, ಅಂದ್ರ ಮುಂದ ತಗೋಬೇಕು ಅನ್ನೋ ಪಟ್ಟಿಗೆ, ಹಾಕ್ಕೊಳ್ಳೋ ದೊಡ್ಡ ಅವಕಾಶ ಅದ ಆಗಿತ್ತು.

ಆಮ್ಯಾಲ ವಿದ್ಯಾನಗರದ ಕಾಲೇಜ್ ಹುಡುಗರಿಗೆ ಮೊಬೈಲ್‌ನ್ಯಾಗ ಒಂದು ಲಿಸ್ಟ್ ತೋರಿಸಿದೆ, ಬ್ಯಾರೆ ಗೇಮ್‌ಗಳ ನಡುವ ನಮ್ದೂ ಇಟ್ಟು, ಒಂದ ಕ್ಷಣ ತೋರಿಸಿ ಫೋನ್ ತಿರುವಿ "ಇದರಾಗ ಏನ್ ಮಾಡಬೇಕು" ಅಂತ ಕೇಳಿದೆ. ಒಬ್ಬಾಂವ ಯುದ್ಧದ ಗೇಮ್ ಅಂದ, ಇನ್ನೊಬ್ಬಾಕಿ ಹೂವಿನ ತೋಟ ಅಂದ್ಲು. ಹುಬ್ಬಳ್ಳಿ ಹುಡುಗರ ಹಿಂಗ ಅಂದ ಮ್ಯಾಲ ಕವರ್ ಕಿತ್ತು ಹಾಕೋದೊಂದ ದಾರಿ ಉಳೀತು.

ನೀವು ಕೇಳಿದ ಎರಡೂ ಪ್ರಶ್ನೆಕ್ಕಿಂತ ಮೊದಲಿಂದು ಅಂದ್ರ ಆ ಹುಡುಗರಿಗೆ ಕೇಳಿದ್ದು: ಇದರಾಗ ಏನ್ ಮಾಡಬೇಕು? ಸಿಮ್ಯುಲೇಶನ್ ತಗೊಳ್ಳೋರು ಊರು ನೋಡಾಕ ಬರಂಗಿಲ್ಲ, ಒಂದು ಕೆಲಸಾ ಮಾಡಾಕ ಬರ್ತಾರ. ಯೂರೋ ಟ್ರಕ್ ಸಿಮ್ಯುಲೇಟರ್ 2 ನೋಡ್ರಿ, 2012ರಾಗ ಬಂದಿದ್ದು, ಒಳಗ ಗ್ಯಾರೇಜ್ ಐತಿ, ಸಾಲ ಐತಿ, ಡ್ರೈವರ್‌ಗಳನ್ನ ಕೆಲಸಕ್ಕ ಇಟ್ಟಕೊಳ್ಳೋದು ಐತಿ, ಕವರ್ ಮ್ಯಾಲ ಎದ್ದು ಕಾಣೋದು ಟ್ರಕ್ಕು.

ನಮ್ಮ ಎರಡನೇ ಕವರ್ ಹಿಂಗಾತು: ಒಂದು ತಕ್ಕಡಿ, ಒಂದು ತಟ್ಟಿಯೊಳಗ ಸುಕ್ಕ ಬಿದ್ದ ಮೆಣಸಿನಕಾಯಿ, ಇನ್ನೊಂದರಾಗ ನೋಟಿನ ಕಟ್ಟು, ಹಿಂದ ಅರಿಶಿಣ ಬಣ್ಣ, ಯಾಕಂದ್ರ ಸ್ಟೀಮ್ ಪೇಜ್ ಪೂರಾ ಕಪ್ಪ ನೀಲಿ, ಅದರ ಮ್ಯಾಲ ಹಳದಿ ಎದ್ದು ಕಾಣತೈತಿ. ಮಾವಗ ಇದು ಸೇರಲಿಲ್ಲ, ಈಗ ಎಲ್ಲಾ ಎಲೆಕ್ಟ್ರಾನಿಕ್ ಕಾಟಾ, ತಕ್ಕಡಿ ಯಾರ್ ಹಿಡಿತಾರ ಅಂದ್ರು. ಅವರ ಮಾತು ಖರೇ, ಆದ್ರೂ ನಾನು ಬದಲಿ ಮಾಡಲಿಲ್ಲ, ಮಾರೋ ಕೊಳ್ಳೋ ಗೇಮು ಅಂತ ಯಾವ ದೇಶದಾಂವ ನೋಡಿದ್ರೂ ತಿಳೀಬೇಕಿತ್ತು. ಅದ ಹುಡುಗರಿಗೆ ತೋರಿಸಿದ್ರ "ವ್ಯಾಪಾರ" ಅಂದ್ರು. ಮುಂದಿನ ಸೇಲ್‌ನ್ಯಾಗ ಕ್ಲಿಕ್ ಕಣ್ಣಿಗೆ ಕಾಣೋವಷ್ಟು ಏರಿದ್ವು.

ನಿಮ್ಮ ಡಿಪೋಕ್ಕ ನಾನಾಗಿದ್ರ ಒಂದ ಬಸ್ಸು ಇಡತಿದ್ದೆ. ಬಸ್ಸಿನ ಮುಖ, ಅರ್ಧ ಚಿತ್ರ ತುಂಬುವಂಗ, ಗೇಟ್ ದಾಟಿ ಹೊರಗ ಬರ್ಲಿಕತ್ತಿದ್ದು, ಬಾಜೂಕ ಸೀಟಿ ಊದಿ ಕೈ ಮಾಡೋ ಮನಶ್ಯಾ ಒಬ್ಬಾಂವ. ಬಸ್ ಬಿಡೋದು ಆಡೋವನ ಕೆಲಸ ಅಂತ ಆ ಕೈಯಿಂದ ತಿಳೀತೈತಿ. ವರ್ಕ್‌ಶಾಪು, ಟಿಕೆಟ್ ಕೌಂಟರು, ರೂಟ್ ಮ್ಯಾಪು ಸ್ಕ್ರೀನ್‌ಶಾಟ್‌ಗೆ ಬಿಡ್ರಿ, ಅದಕ್ಕ ಅದಾವ ಅವು.

ಆರ್ಟಿಸ್ಟ್‌ಗೆ ಕೊಡ್ರಿ, ಎಐ ಬ್ಯಾಡ. 2024ರ ಜನವರಿಯಿಂದ ಎಐ ಬಳಸಿದ್ರ ಸ್ಟೀಮ್‌ಗೆ ಹೇಳಬೇಕು, ಸ್ಟೋರ್ ಪೇಜ್ ಮ್ಯಾಲೂ ಅದು ಕಾಣಸತೈತಿ, ಕವರ್ರ ಹಂಗಿದ್ರ ಒಳಗಿನ ಗೇಮ್ ಹೆಂಗಿರತೈತೋ ಅಂತ ಮಂದಿ ಅನ್ಕೊಂತಾರ. ಅದಕ್ಕೂ ಮುಖ್ಯ ಅಂದ್ರ ನಿಮಗ ಒಂದು ಚಿತ್ರ ಸಾಲಂಗಿಲ್ಲ, ಬಿಡಿ ಬಿಡಿ ತುಂಡು ಬೇಕು. ಸ್ಟೀಮ್ ಒಂದೊಂದು ಜಾಗಕ್ಕ ಒಂದೊಂದು ಸೈಜಿನ ಕವರ್ ಕೇಳತೈತಿ: ಹೆಡರ್ 920 x 430 ಅಡ್ಡ, ವರ್ಟಿಕಲ್ 748 x 896 ಉದ್ದ, ಮೇನ್ 1232 x 706, ಲೈಬ್ರರಿದು 600 x 900, ಒಂದನ್ನ ಕತ್ತರಿಸಿ ಇನ್ನೊಂದು ಮಾಡಾಕ ಹೋದ್ರ ಬಸ್ಸಿನ ತಲಿನೋ ಗಾಲಿನೋ ಹೊಕ್ಕೈತಿ. ಬಸ್ಸು, ಮನಶ್ಯಾ, ಹಿನ್ನೆಲೆ, ಹೆಸರು ನಾಲ್ಕೂ ಬ್ಯಾರೆ ಬ್ಯಾರೆ ಲೇಯರ್‌ನ್ಯಾಗ ಕೊಡ್ರಿ ಅಂತ ರೊಕ್ಕ ಕೊಡೂ ಮುಂಚೇನ ಮಾತಾಡ್ಕೋರಿ. ಸ್ಮಾಲ್ ಕ್ಯಾಪ್ಸೂಲ್‌ನ್ಯಾಗ ಹೆಸರ ಮುಕ್ಕಾಲು ಜಾಗಾ ತಿನ್ನಬೇಕು, ಚಿತ್ರಾ ಹಿಂದ ಸರೀಲಿ. ಅವಾರ್ಡು, ರಿವ್ಯೂ ಸ್ಟಾರು, ಡಿಸ್ಕೌಂಟ್ ಅಂತೆಲ್ಲಾ ಬರಸಬ್ಯಾಡ್ರಿ, 2022ರ ಸೆಪ್ಟೆಂಬರ್‌ನಿಂದ ಕವರ್ ಮ್ಯಾಲ ಚಿತ್ರ, ಗೇಮಿನ ಹೆಸರು, ಅಧಿಕೃತ ಉಪಶೀರ್ಷಿಕೆ ಇಷ್ಟಕ್ಕ ಪರ್ಮಿಶನ್.

ಇನ್ನ ಪೇಂಟಿಂಗ್ ಶುರು ಮಾಡೂ ಮೊದಲ ಆರ್ಟಿಸ್ಟ್ ಕಡಿಂದ ಪೆನ್ಸಿಲ್ ರಫ್ ಅಷ್ಟ ಇಸ್ಕೊಂಡು, 120 x 45 ಸೈಜಿಗೆ ಇಳಿಸಿ, ಗೇಮ್ ಬಗ್ಗೆ ಏನೂ ಗೊತ್ತಿಲ್ಲದವರಿಗೆ ತೋರಿಸ್ರಿ. ಅವರು "ಬಸ್ ಬಿಡೋದು" ಅನ್ನೋತನ ರಫ್ ಬದಲಿ ಮಾಡಸ್ತಾ ಇರ್ರಿ, ರಫ್‌ಗೆ ಖರ್ಚು ಭಾಳ ಆಗಂಗಿಲ್ಲ. ನೆಕ್ಸ್ಟ್ ಫೆಸ್ಟ್‌ಗೆ ಈಗ ಹೆಸರು ಕೊಡಬ್ಯಾಡ್ರಿ. ವರ್ಷಕ್ಕ ಮೂರು ಸಲ ಬರತೈತಿ, ಕವರ್ ತಯಾರಾಗಿಲ್ಲಂದ್ರ ಮುಂದಿಂದಕ್ಕ ಹೋಗ್ರಿ.